ಪಾಠ ಹೇಳುವವರಿಗೂ ಪಾಠ

“ಇಂದು ಮಾಸ್ತರು ತರಬೇತಿಗೆ ಹೋಗಿದ್ದಾರೆ” ಎಂದು ಮಗು ಶಾಲೆಯಿಂದ ಬಂದು ಹೇಳಿದರೆ ಮನೆಯ ಹಿರಿಯರು ಹುಬ್ಬು ಗಂಟಿಕ್ಕುವುದುಂಟು. ಇಪ್ಪತ್ತು ವರ್ಷ ಪಾಠ ಹೇಳಿದವರಿಗೆ ಇನ್ನೇನು ತರಬೇತಿ? ಪ್ರಶ್ನೆ ಅನ್ಯಾಯದ್ದಲ್ಲ. ಬಂಟ್ವಾಳ, ಬೆಳ್ತಂಗಡಿ, ಮೂಡುಬಿದಿರೆ ವಲಯಗಳಲ್ಲಿ ಒಬ್ಬರೋ ಇಬ್ಬರೋ ಉಪಾಧ್ಯಾಯರಿರುವ ಹಳ್ಳಿಯ ಶಾಲೆಗಳಿವೆ. ಅಲ್ಲಿ ಒಬ್ಬರು ಹೊರಟರೆಂದರೆ ಅಂದಿನ ಪಾಠವೂ ಅವರ ಜತೆಗೇ ಹೊರಟಂತೆ.

ಆದರೆ ಈ ಪ್ರಶ್ನೆಗೆ ಉತ್ತರ ಆ ಸೀಮೆಯಲ್ಲಿಯೇ ಉಂಟು. 1874ರಲ್ಲಿ ಬಂಟ್ವಾಳದಲ್ಲಿ ಜನಿಸಿದ ಪಂಜೆ ಮಂಗೇಶರಾಯರು ಉಪಾಧ್ಯಾಯರಾಗಿ, ಶಾಲಾ ಇನ್‌ಸ್ಪೆಕ್ಟರಾಗಿ ದುಡಿದವರು. 1934ರಲ್ಲಿ ರಾಯಚೂರಿನ ಸಾಹಿತ್ಯ ಸಮ್ಮೇಳನದ ಅಧ್ಯಕ್ಷಪೀಠವನ್ನೇರಿದ ಆ ವಿದ್ವಾಂಸರು ಮಕ್ಕಳಿಗಾಗಿ ಪದ್ಯ, ಕತೆ, ಪಾಠಪುಸ್ತಕಗಳನ್ನು ಬರೆದರು. ಮಗುವಿನ ನಾಲಗೆಗೆ ಹಿಡಿಸದ ಮಾತನ್ನು ಅವುಗಳಲ್ಲಿ ಹುಡುಕುವುದು ಕಷ್ಟ. ಕಲಿಸುತ್ತಲೇ ಕಲಿತವರ ಬರವಣಿಗೆಯದು.

ಪಾಠ ಬಿಗಿಯಾಗಿರಬೇಕು ಎಂದರೆ ನಮ್ಮಲ್ಲಿ ಅನೇಕರಿಗೆ ಬೆತ್ತವೂ ಮನೆಗೆಲಸದ ಹೊರೆಯೂ ನೆನಪಾಗುತ್ತವೆ. ನಿಜವಾದ ಬಿಗಿ ಬೇರೆ. ಮೂರರಲ್ಲೊಂದು ದೊಡ್ಡದೋ ನಾಲ್ಕರಲ್ಲೊಂದು ದೊಡ್ಡದೋ ಎಂದರೆ, ಮೂರಕ್ಕಿಂತ ನಾಲ್ಕು ದೊಡ್ಡದೆಂದು ತಿಳಿದ ಮಗು ನಾಲ್ಕರಲ್ಲೊಂದೇ ದೊಡ್ಡದೆನ್ನುತ್ತದೆ. “ತಪ್ಪು, ಕೂತುಕೋ” ಎನ್ನುವುದು ಸುಲಭ. “ಅದು ಹೇಗೆ, ಹೇಳು ನೋಡೋಣ” ಎಂದು ಕೇಳಿ, ಒಂದು ನೀರುದೋಸೆಯನ್ನು ಮೂವರಿಗೂ ಇನ್ನೊಂದನ್ನು ನಾಲ್ವರಿಗೂ ಹಂಚಿಸಿ, ಮಗುವೇ ತನ್ನ ಉತ್ತರವನ್ನು ತಿದ್ದಿಕೊಳ್ಳುವಂತೆ ಮಾಡುವುದು ಕಷ್ಟ. ಗಣಿತದ ಜತೆಗೆ ಮಗುವಿನ ತಪ್ಪಿನ ಒಳಮರ್ಮವನ್ನೂ ಬಲ್ಲವರಿಗೆ ಮಾತ್ರ ಅದು ಸಾಧ್ಯ.

ಈ ಸೀಮೆಯಲ್ಲಿ ಇನ್ನೊಂದು ತೊಡಕು ಭಾಷೆಯದು. ಮನೆಯಲ್ಲಿ ತುಳು, ಕೊಂಕಣಿ, ಬ್ಯಾರಿ ಆಡುವ ಮಗು ಶಾಲೆಯಲ್ಲಿ ಕನ್ನಡ ಓದಬೇಕು. ಕಲಿಸುವವರಲ್ಲಿ ಘಟ್ಟದ ಮೇಲಿಂದ ಬಂದವರೂ ಉಂಟು. ಕನ್ನಡದ “ನಾವು” ಒಂದಾದರೆ ತುಳುವಿಗೆ ಎರಡು: ಕೇಳುವವನನ್ನೂ ಸೇರಿಸಿಕೊಂಡು “ನಮ”, ಅವನನ್ನು ಬಿಟ್ಟು “ಎಂಕುಲು”. ಇದನ್ನರಿಯದ ಉಪಾಧ್ಯಾಯರಿಗೆ ಮಗುವಿನ ತಡವರಿಕೆ ದಡ್ಡತನವಾಗಿ ಕಂಡೀತು. ಅರಿತವರಿಗೆ ಅದೇ ಒಂದು ಸೊಗಸಾದ ವ್ಯಾಕರಣ ಪಾಠ.

ಸೇವೆಯಲ್ಲಿರುವ ಪ್ರತಿ ಉಪಾಧ್ಯಾಯರಿಗೂ ಐದು ವರ್ಷಕ್ಕೊಮ್ಮೆ ಎರಡು ಮೂರು ತಿಂಗಳ ಶಿಕ್ಷಣ ದೊರೆಯಬೇಕೆಂದು 1964–66ರ ಕೊಠಾರಿ ಆಯೋಗ ಸೂಚಿಸಿತ್ತು. 2020ರ ರಾಷ್ಟ್ರೀಯ ನೀತಿ ವರ್ಷಕ್ಕೆ 50 ಗಂಟೆಗಳೆನ್ನುತ್ತದೆ. ಗಂಟೆಗಳ ಲೆಕ್ಕ ಭರ್ತಿಯಾಗುವುದೇನೂ ಕಷ್ಟವಲ್ಲ. ಸಭಾಂಗಣದಲ್ಲಿ ಸಾಲಾಗಿ ಕುಳ್ಳಿರಿಸಿ ಸಂಜೆಯವರೆಗೆ ಭಾಷಣ ಕೇಳಿಸಿದರೂ ಅದು ತರಬೇತಿಯೆಂದೇ ದಾಖಲಾಗುತ್ತದೆ. “ಮಕ್ಕಳಿಗೆ ಬರಿಯ ಭಾಷಣ ಮಾಡಬೇಡಿ” ಎಂಬುದನ್ನು ಮೂರು ಗಂಟೆಯ ಭಾಷಣದಲ್ಲಿ ಬೋಧಿಸುವ ವಿನೋದವೂ ಇಲ್ಲದಿಲ್ಲ!

ಫಲ ಕೊಟ್ಟ ಪ್ರಯತ್ನದ ರೀತಿಯೇ ಬೇರೆ. 1995ರಲ್ಲಿ ಹೆಗ್ಗಡದೇವನಕೋಟೆಯಲ್ಲಿ “ನಲಿ–ಕಲಿ” ಆರಂಭವಾದಾಗ, ಅಲ್ಲಿಯ ಉಪಾಧ್ಯಾಯರು ಆಂಧ್ರದ ಋಷಿವ್ಯಾಲಿಯ ಶಾಲೆಗಳನ್ನು ಕಣ್ಣಾರೆ ನೋಡಿ ಬಂದು, ತಮ್ಮ ಮಕ್ಕಳಿಗೆ ಒಪ್ಪುವ ಕಲಿಕೆಯ ಕಾರ್ಡುಗಳನ್ನು ತಾವೇ ರಚಿಸಿದರು. ಜಪಾನಿನಲ್ಲಂತೂ ಒಬ್ಬರ ಪಾಠವನ್ನು ಉಳಿದ ಉಪಾಧ್ಯಾಯರು ತರಗತಿಯ ಹಿಂದೆ ನಿಂತು ನೋಡಿ, ಮಗು ಎಲ್ಲಿ ಎಡವಿತೆಂದು ಬಳಿಕ ಒಟ್ಟಿಗೆ ವಿಚಾರಮಾಡುವ ಪದ್ಧತಿ ನೂರಕ್ಕೂ ಹೆಚ್ಚು ವರ್ಷಗಳಿಂದ ಬಂದಿದೆ. ನೆರೆಹೊರೆಯ ಶಾಲೆಗಳ ಉಪಾಧ್ಯಾಯರು ಸೇರುವ ನಮ್ಮ ಕ್ಲಸ್ಟರ್ ಮಟ್ಟದ ಸಮಾಲೋಚನಾ ಸಭೆಗಳಲ್ಲಿ ಇದಕ್ಕೆ ಅವಕಾಶ ಧಾರಾಳವಾಗಿದೆ. ಸುತ್ತೋಲೆ ಓದುವುದಕ್ಕೆ ಅರ್ಧ ಗಂಟೆ ಸಾಕು; ಉಳಿದ ಹೊತ್ತು ಒಂದು ಪಾಠಕ್ಕೆ ಮೀಸಲಾಗಲಿ.

ಹೊರಟವರ ತರಗತಿಯನ್ನು ಅಂದು ನೋಡಿಕೊಳ್ಳುವವರು ಯಾರೆಂಬುದನ್ನು ಇಲಾಖೆ ಮೊದಲೇ ಗೊತ್ತುಮಾಡಬೇಕು. ತಾಯ್ತಂದೆಯರೂ ಶಾಲಾಭಿವೃದ್ಧಿ ಸಮಿತಿಯ ಸಭೆಯಲ್ಲಿ ಸುಣ್ಣಬಣ್ಣದ ಲೆಕ್ಕದ ಜತೆಗೆ, “ಮಾಸ್ತರೇ, ಈ ಸಲ ಏನು ಕಲಿತು ಬಂದಿರಿ?” ಎಂದು ಆದರದಿಂದ ಕೇಳಲಿ.