ಅಜ್ಜಿಗೂ ಸಮುದ್ರ ಕಾಣಬೇಕು

ನಮ್ಮ ಕಾಲದವರಿಗೆ ‘ಹೋಟೆಲ್’ ಎಂದರೆ ನೆನಪಾಗುವುದು ಮಸಾಲೆದೋಸೆ. ಉಳಿದುಕೊಳ್ಳುವ ಜಾಗಕ್ಕೆ ನಾವು ‘ಲಾಡ್ಜ್’ ಎನ್ನುತ್ತಿದ್ದೆವು. ಈಗ ಮೊಮ್ಮಕ್ಕಳು ‘ಹೋಟೆಲ್ ಬುಕ್ ಮಾಡಿದೆವು’ ಎಂದರೆ ಅದು ಮಲಗುವ ಕೋಣೆಯ ಮಾತು. ರಜೆ ಹತ್ತಿರ ಬಂದಂತೆ ಈ ಮಾತು ಮನೆಮನೆಯಲ್ಲೂ ಕೇಳುತ್ತದೆ. ಆದ್ದರಿಂದ ಈ ವಾರ ಮುಂಬಯಿಯಲ್ಲಿ ಕೋಣೆ ಹಿಡಿಯುವ ಲೆಕ್ಕ. ಮಕ್ಕಳೇ, ಕಾಗದ ಪೆನ್ಸಿಲು ಹತ್ತಿರ ಇಟ್ಟುಕೊಳ್ಳಿ.

ನಮ್ಮ ಬೀದಿಯ ಒಂದು ಮನೆಯವರು ಐದು ಜನ ನಾಲ್ಕು ದಿನ ಮುಂಬಯಿಗೆ ಹೋಗಿ ಬಂದರು. ಬಂದ ಮೇಲೆ ಅಜ್ಜಿಯನ್ನು, ‘ಏನೇನು ನೋಡಿದಿರಿ?’ ಎಂದು ಕೇಳಿದೆ. ‘ಕೋಣೆಯ ಫ್ಯಾನು ನೋಡಿದೆ’ ಎಂದರು, ನಗುತ್ತಲೇ. ಊರಿನ ಉತ್ತರದ ತುದಿಯಲ್ಲಿ ಅಗ್ಗದ ಕೋಣೆ ಸಿಕ್ಕಿತ್ತಂತೆ. ಮೊದಲ ದಿನ ರೈಲಿನ ನೂಕುನುಗ್ಗಲಿನಲ್ಲಿ ಹೋಗಿ ಬಂದು ಅವರ ಮಂಡಿ ಊದಿತು. ಎರಡನೇ ದಿನದಿಂದ, ‘ನೀವು ಹೋಗಿ ಬನ್ನಿ, ನಾನು ಇಲ್ಲೇ ಇರುತ್ತೇನೆ’ ಎಂದರು. ಮನೆಯ ಹಿರಿಯರು ಹೀಗೆಂದಾಗ ಅದು ಇಷ್ಟದ ಮಾತೋ ಕಷ್ಟದ ಮಾತೋ ಎಂದು ಯಾರೂ ವಿಚಾರಿಸುವುದಿಲ್ಲ. ಕೋಣೆ ಎಲ್ಲಿದೆ ಎಂಬುದೇ ಅಜ್ಜಿ ಸಮುದ್ರ ನೋಡುತ್ತಾರೋ ಫ್ಯಾನು ನೋಡುತ್ತಾರೋ ಎಂಬುದನ್ನು ತೀರ್ಮಾನಿಸಿಬಿಡುತ್ತದೆ.

ಮೊದಲು ಮುಂಬಯಿಯ ನಕ್ಷೆ ನೋಡಿ. ಏಳು ದ್ವೀಪಗಳನ್ನು ಜೋಡಿಸಿ ಬೆಳೆದ ಊರು ಅದು. ದಕ್ಷಿಣದಿಂದ ಉತ್ತರಕ್ಕೆ ಪಡವಲಕಾಯಿಯ ಹಾಗೆ ಉದ್ದ, ಅಗಲ ಕಡಿಮೆ. ಪ್ರವಾಸಿಗರು ನೋಡುವ ಬಹಳಷ್ಟು ಜಾಗಗಳು ದಕ್ಷಿಣದ ತುದಿಯಲ್ಲೇ ಇವೆ: ಗೇಟ್‌ವೇ ಆಫ್ ಇಂಡಿಯಾ, ಅದರ ಹತ್ತಿರವೇ ದೊಡ್ಡ ವಸ್ತುಸಂಗ್ರಹಾಲಯ, ಮರೀನ್ ಡ್ರೈವ್, ಛತ್ರಪತಿ ಶಿವಾಜಿ ಮಹಾರಾಜ್ ಟರ್ಮಿನಸ್ ಎಂಬ ಅರಮನೆಯಂಥ ರೈಲು ನಿಲ್ದಾಣ. ಗೇಟ್‌ವೇ ಎದುರಿಗೇ ತಾಜ್ ಮಹಲ್ ಹೋಟೆಲ್ ಇದೆ. ಮಕ್ಕಳೇ, ಇವೆರಡರಲ್ಲಿ ಹಳೆಯದು ಯಾವುದು? ಹಲವರು ಗೇಟ್‌ವೇ ಎನ್ನುತ್ತಾರೆ. ಆದರೆ ತಾಜ್ ತೆರೆದದ್ದು 1903ರಲ್ಲಿ, ಗೇಟ್‌ವೇ ಪೂರ್ತಿಯಾದದ್ದು 1924ರಲ್ಲಿ!

ಈಗ ಲೆಕ್ಕ. ಕಾಗದದ ನಡುವೆ ಒಂದು ಗೆರೆ ಎಳೆಯಿರಿ. ಎಡಕ್ಕೆ ‘ದೂರದ ಕೋಣೆ’, ಬಲಕ್ಕೆ ‘ಹತ್ತಿರದ ಕೋಣೆ’ ಎಂದು ಬರೆಯಿರಿ. ಐದು ಜನಕ್ಕೆ ಎರಡು ಕೋಣೆ ಬೇಕು. ಅಂಧೇರಿಯಲ್ಲಿ ಕೋಣೆಗೆ ದಿನಕ್ಕೆ 2,500 ರೂಪಾಯಿ, ಫೋರ್ಟ್ ಕಡೆ 3,500 ರೂಪಾಯಿ ಎಂದು ಇಟ್ಟುಕೊಳ್ಳೋಣ. ಎರಡು ಕೋಣೆಗೆ ದಿನಕ್ಕೆ 2,000 ರೂಪಾಯಿ ವ್ಯತ್ಯಾಸ. ಎಡಗಡೆಯೇ ಲಾಭ ಎನಿಸುತ್ತದೆ. ಆದರೆ ಅಂಧೇರಿಯಿಂದ ಗೇಟ್‌ವೇಗೆ ರಸ್ತೆಯಲ್ಲಿ ಸುಮಾರು 25 ಕಿಲೋಮೀಟರ್. ಕಪ್ಪು-ಹಳದಿ ಟ್ಯಾಕ್ಸಿಗೆ 2025ರ ಫೆಬ್ರವರಿಯಲ್ಲಿ ಗೊತ್ತುಮಾಡಿದ ದರ, ಮೊದಲ ಒಂದೂವರೆ ಕಿಲೋಮೀಟರಿಗೆ 31 ರೂಪಾಯಿ. ಆಮೇಲೆ ಕಿಲೋಮೀಟರಿಗೆ 20 ರೂಪಾಯಿ ಎಂದು ಹಿಡಿದರೂ ಒಂದು ಸಲಕ್ಕೆ 500 ದಾಟುತ್ತದೆ. ಟ್ಯಾಕ್ಸಿಯಲ್ಲಿ ನಾಲ್ವರೇ ಕೂರಬಹುದು, ಆದ್ದರಿಂದ ಎರಡು ಟ್ಯಾಕ್ಸಿ. ಹೋಗಿ ಬರಲು ಸುಮಾರು 2,000 ರೂಪಾಯಿ. ಉಳಿಸಿದ ದುಡ್ಡು ಅಲ್ಲಿಗೆ ಸರಿಹೋಯಿತು!

ದುಡ್ಡು ಸರಿಹೋದರೂ ಹೊತ್ತು ಸರಿಹೋಗುವುದಿಲ್ಲ. ವಾಹನಗಳ ಸಂದಣಿಯಲ್ಲಿ ಹೋಗಲು ಒಂದೂವರೆ ಗಂಟೆ, ಬರಲು ಒಂದೂವರೆ ಗಂಟೆ ಹಿಡಿದರೆ ನಾಲ್ಕು ದಿನಕ್ಕೆ ಹನ್ನೆರಡು ಗಂಟೆ. ರಜೆಯ ಒಂದು ಹಗಲು ಪೂರ್ತಿ ರಸ್ತೆಯ ಪಾಲು.

‘ಟ್ಯಾಕ್ಸಿ ಯಾಕೆ, ಲೋಕಲ್ ರೈಲು ಇದೆಯಲ್ಲ?’ ಎಂದು ಕೇಳಬಹುದು. ಇದೆ, ಬಲು ಅಗ್ಗವೂ ಹೌದು. ಆದರೆ ಬೆಳಗ್ಗೆ ಎಂಟರಿಂದ ಹನ್ನೊಂದರ ತನಕ ಕಚೇರಿಗೆ ಹೋಗುವ ಜನಸಾಗರ ಉತ್ತರದಿಂದ ದಕ್ಷಿಣಕ್ಕೆ ಹರಿಯುತ್ತದೆ, ಸಂಜೆ ದಕ್ಷಿಣದಿಂದ ಉತ್ತರಕ್ಕೆ. ಉತ್ತರದಲ್ಲಿ ಉಳಿದವರು ಎರಡು ಹೊತ್ತೂ ಆ ಪ್ರವಾಹದ ಜೊತೆಗೇ ಸಾಗಬೇಕು. ದಕ್ಷಿಣದಲ್ಲಿ ಉಳಿದವರಿಗೆ ಎದುರು ದಿಕ್ಕಿನ ರೈಲು ಸಿಗುತ್ತದೆ. ಅದರಲ್ಲಿ ಸಾಮಾನ್ಯವಾಗಿ ಸಂದಣಿ ಕಡಿಮೆ. ಇನ್ನೊಂದು ವಿಷಯ, ದಕ್ಷಿಣ ಮುಂಬಯಿಯಲ್ಲಿ ಆಟೋರಿಕ್ಷಾ ಓಡುವುದಿಲ್ಲ. ಬಾಂದ್ರಾ, ಸಯನ್ ಕಡೆಯಿಂದ ಉತ್ತರಕ್ಕೆ ಮಾತ್ರ. ಆಚೆಯಿಂದ ಆಟೋದಲ್ಲೇ ಗೇಟ್‌ವೇಗೆ ಹೋಗೋಣ ಎಂದುಕೊಂಡರೆ ನಡುದಾರಿಯಲ್ಲಿ ಇಳಿಯಬೇಕಾಗುತ್ತದೆ.

ಉತ್ತರದಲ್ಲಿ ನೆಂಟರಿದ್ದಾರೆ, ಅವರನ್ನೂ ಕಾಣಬೇಕು ಎನ್ನುವವರಿಗೆ ದಾದರ್-ಮಾಟುಂಗಾ ನಡುಮಧ್ಯದ ಜಾಗ. ಮಾಟುಂಗಾ, ಮಾಟುಂಗಾ ರೋಡ್, ಕಿಂಗ್ಸ್ ಸರ್ಕಲ್ ಎಂಬ ಮೂರು ನಿಲ್ದಾಣಗಳು ಅಲ್ಲಿ ಹತ್ತಿರ ಹತ್ತಿರ ಇವೆ, ಒಂದೊಂದೂ ಬೇರೆ ಬೇರೆ ರೈಲುಮಾರ್ಗದ್ದು. 1926ರಲ್ಲಿ ಶುರುವಾದ ಮೈಸೂರು ಅಸೋಸಿಯೇಷನ್ ಇರುವುದೂ ಅಲ್ಲೇ. 1942ರಿಂದ ಬಾಳೆಯೆಲೆ ಊಟ ಬಡಿಸುತ್ತಿರುವ ರಾಮ ನಾಯಕರ ಉಡುಪಿ ಶ್ರೀಕೃಷ್ಣ ಬೋರ್ಡಿಂಗ್ ಇರುವುದೂ ಅಲ್ಲೇ. ಅನ್ನ-ಸಾರು ಇಲ್ಲದೆ ಆಗದು ಎನ್ನುವ ಅಜ್ಜಂದಿರಿಗೆ ಇದು ಸಣ್ಣ ವಿಷಯವಲ್ಲ.

ಮಳೆಗಾಲದಲ್ಲಿ ಮಾತ್ರ ಈ ಲೆಕ್ಕ ಬದಲಾಗುತ್ತದೆ. ಮುಂಬಯಿಯ ಚರಂಡಿಗಳು ಸಮುದ್ರಕ್ಕೆ ತೆರೆದುಕೊಳ್ಳುತ್ತವೆ. ಭರತದ ಹೊತ್ತಿನಲ್ಲಿ ಸಮುದ್ರದ ಮಟ್ಟ ಚರಂಡಿಯ ಬಾಯಿಗಿಂತ ಮೇಲೇರುತ್ತದೆ. ಅದೇ ಹೊತ್ತಿಗೆ ಜೋರು ಮಳೆ ಬಂದರೆ ನೀರು ಹೋಗಲು ದಾರಿಯಿಲ್ಲದೆ ತಗ್ಗಿನ ರಸ್ತೆಗಳಲ್ಲಿ ನಿಲ್ಲುತ್ತದೆ. ಕಿಂಗ್ಸ್ ಸರ್ಕಲ್, ದಾದರಿನ ಹಿಂದ್‌ಮಾತಾ ಅಂಥ ತಗ್ಗು ಜಾಗಗಳು. 2005ರ ಜುಲೈ 26ರಂದು ಸಾಂತಾಕ್ರೂಜ್‌ನಲ್ಲಿ 24 ಗಂಟೆಯಲ್ಲಿ ಬಿದ್ದ ಮಳೆ 944 ಮಿಲಿಮೀಟರ್. ಬೆಂಗಳೂರಿಗೆ ಒಂದು ವರ್ಷದಲ್ಲಿ ಬರುವ ಮಳೆ ಹೆಚ್ಚುಕಡಿಮೆ ಅಷ್ಟೇ! ಹಿರಿಯರೊಡನೆ ಹೋಗುವವರು ನವೆಂಬರಿನಿಂದ ಫೆಬ್ರವರಿ ಒಳಗೆ ಹೋಗುವುದು ಲೇಸು.

ಜಾಗ ಗೊತ್ತಾದ ಮೇಲೆ ಫೋನ್ ಮಾಡಿ. ಚಿತ್ರದಲ್ಲಿ ಕಾಣದ ಸಂಗತಿಗಳನ್ನು ಕೇಳಿ. ‘ಲಿಫ್ಟ್ ಇದೆಯೇ?’ ಎಂದರೆ ಎಲ್ಲರೂ ‘ಇದೆ’ ಎನ್ನುತ್ತಾರೆ. ‘ರಸ್ತೆಯಿಂದ ಲಿಫ್ಟಿನ ತನಕ ಎಷ್ಟು ಮೆಟ್ಟಿಲು?’ ಎಂದು ಕೇಳಿ. ಕೋಣೆಗೆ ಕಿಟಕಿ ಇದೆಯೇ, ಬಚ್ಚಲಿನಲ್ಲಿ ಹಿಡಿದುಕೊಳ್ಳಲು ಹಿಡಿಕೆ ಇದೆಯೇ, ಎರಡು ಕೋಣೆಗಳೂ ಅಕ್ಕಪಕ್ಕ ಸಿಗುತ್ತವೆಯೇ ಎಂದೂ ಕೇಳಿ. ಕೋಣೆ ಕೊಡುವುದು ಎಷ್ಟು ಗಂಟೆಗೆ ಎಂದು ಕೇಳಲೇಬೇಕು. ರೈಲು ಬೆಳಗ್ಗೆ ಆರಕ್ಕೆ ತಲುಪಿ ಕೋಣೆ ಹನ್ನೆರಡಕ್ಕೆ ಸಿಗುವುದಾದರೆ, ಆ ಆರು ಗಂಟೆಗೆ ನಿಲ್ದಾಣದ ರಿಟೈರಿಂಗ್ ರೂಮನ್ನು ಟಿಕೆಟ್ಟಿನ ಪಿಎನ್‌ಆರ್ ಸಂಖ್ಯೆ ಕೊಟ್ಟು ಮೊದಲೇ ಕಾದಿರಿಸಬಹುದು. ತೆರಿಗೆ ಸೇರಿ ಎಷ್ಟು ಎಂದೂ ಕೇಳಿ. 2025ರ ಸೆಪ್ಟೆಂಬರ್ 22ರಿಂದ ದಿನಕ್ಕೆ 7,500 ರೂಪಾಯಿ ತನಕದ ಕೋಣೆಗೆ ಜಿಎಸ್‌ಟಿ ಶೇಕಡಾ 5 ಮಾತ್ರ.

ಬ್ಯಾಂಕಿನಲ್ಲಿ ದುಡಿದವನಾಗಿ ಒಂದು ಎಚ್ಚರಿಕೆಯ ಮಾತು. ಮುಂಗಡ ಕಟ್ಟುವ ಮೊದಲು ಫೋನ್ ನಂಬರು ಆ ಹೋಟೆಲಿನದೇ ಹೌದೋ ಎಂದು ಇನ್ನೊಂದು ಕಡೆಯಿಂದಲೂ ಖಚಿತ ಮಾಡಿಕೊಳ್ಳಿ. ‘ಹಣ ವಾಪಸು ಕೊಡುತ್ತೇವೆ, ಯುಪಿಐ ಪಿನ್ ಒತ್ತಿ’ ಎಂದು ಯಾರಾದರೂ ಹೇಳಿದರೆ ಫೋನ್ ಇಟ್ಟುಬಿಡಿ. ಪಿನ್ ಬೇಕಾಗುವುದು ಹಣ ಕೊಡಲು, ಹಣ ಪಡೆಯಲು ಬೇಕಿಲ್ಲ.

ಮಕ್ಕಳೇ, ಇಷ್ಟಕ್ಕೂ ಮೊದಲು ಮಾಡಬೇಕಾದ ಒಂದು ಕೆಲಸ ನಿಮ್ಮದೇ. ಅಜ್ಜ-ಅಜ್ಜಿಯ ಹತ್ತಿರ ಕುಳಿತು ಮೂರು ಪ್ರಶ್ನೆ ಕೇಳಿ: ಒಂದೇ ಸಲಕ್ಕೆ ಎಷ್ಟು ಮೆಟ್ಟಿಲು ಹತ್ತಬಲ್ಲಿರಿ? ಮಧ್ಯಾಹ್ನ ಸ್ವಲ್ಪ ಮಲಗಬೇಕೇ? ನೋಡಲೇಬೇಕೆಂದು ಆಸೆಯಿರುವುದು ಯಾವುದು? ಎಲಿಫೆಂಟಾ ಗುಹೆ ಎಂದರೆ ದೋಣಿಯಲ್ಲಿ ಸುಮಾರು ಒಂದು ಗಂಟೆ, ಇಳಿದ ಮೇಲೆ ಸುಮಾರು 120 ಮೆಟ್ಟಿಲು, ಸೋಮವಾರ ರಜೆ. ಅಷ್ಟು ಆಗದು ಎಂದರೆ ಬೇಸರ ಬೇಡ. ಚರ್ಚ್‌ಗೇಟ್ ನಿಲ್ದಾಣದಿಂದ ಮರೀನ್ ಡ್ರೈವ್ ಹತ್ತೇ ನಿಮಿಷದ ನಡಿಗೆ. ಕಟ್ಟೆಯ ಮೇಲೆ ಕುಳಿತರೆ ಒಂದು ಮೆಟ್ಟಿಲೂ ಹತ್ತದೆ ಸೂರ್ಯ ಮುಳುಗುವುದನ್ನು ನೋಡಬಹುದು, ದುಡ್ಡೂ ಕೊಡಬೇಕಿಲ್ಲ. ಉತ್ತರಗಳನ್ನು ಕಾಗದದ ತಲೆಯಲ್ಲಿ ಬರೆದು ಅಪ್ಪ-ಅಮ್ಮನ ಕೈಗೆ ಕೊಡಿ. ಕೋಣೆ ಹುಡುಕುವ ಕೆಲಸ ಅಲ್ಲಿಂದ ಶುರುವಾಗಲಿ.