ಮೂವತ್ತು ಅಂಕದ ಇಂಗ್ಲಿಷ್

ಪಿಎಚ್‌ಡಿ ಸಂದರ್ಶನದಲ್ಲಿ ಪರೀಕ್ಷೆ ಆಗ್ತಿರೋದು ವಿಜ್ಞಾನವೋ, ಇಂಗ್ಲಿಷೋ? ನನ್ನ ಜಗಳ ಇಷ್ಟೇ.

ಯುಜಿಸಿಯ 2022ರ ನಿಯಮದಂತೆ, ವಿಶ್ವವಿದ್ಯಾಲಯ ತಾನೇ ಪ್ರವೇಶ ಪರೀಕ್ಷೆ ನಡೆಸಿದರೆ ಲಿಖಿತಕ್ಕೆ ಶೇ. 70, ಸಂದರ್ಶನಕ್ಕೆ ಶೇ. 30. ಕೆ.ಆರ್. ಪೇಟೆ, ನಾಗಮಂಗಲದ ಕಡೆಯಿಂದ, ಹತ್ತನೇ ತರಗತಿವರೆಗೂ ಕನ್ನಡದಲ್ಲೇ ಓದಿ ಬಂದ ಹುಡುಗಿ ಆ ಲಿಖಿತವನ್ನ ಬೆವರು ಸುರಿಸಿ ಗೆಲ್ತಾಳೆ. ಸಂದರ್ಶನದಲ್ಲಿ ಎದುರು ಕೂತವರು 'ನಿಮ್ಮ ಬಗ್ಗೆ ಹೇಳಿ' ಅಂತ ಇಂಗ್ಲಿಷಲ್ಲಿ ಶುರು ಮಾಡ್ತಾರೆ. ಕಿಣ್ವ ಹೇಗೆ ಕೆಲಸ ಮಾಡುತ್ತೆ ಅಂತ ಚೆನ್ನಾಗಿ ಗೊತ್ತಿರೋಳು ಕ್ರಿಯಾಪದ ಹುಡುಕ್ತಾ ತಡವರಿಸ್ತಾಳೆ. 'ಕಾನ್ಫಿಡೆನ್ಸ್ ಸಾಲದು' ಅಂತ ಷರಾ ಬೀಳುತ್ತೆ. ಮುಗೀತು ಕತೆ.

'ಮಹಾಪ್ರಬಂಧ ಬರೆಯೋದು ಇಂಗ್ಲಿಷಲ್ಲೇ ಅಲ್ವಾ?' ಅಂತೀರಿ. ಹೌದು ಸ್ವಾಮಿ. ಆದರೆ ಅದಕ್ಕೆ ನಾಲ್ಕೈದು ವರ್ಷ ಇದೆ. ಭಾಷೆನ ಲ್ಯಾಬಲ್ಲಿ ಇದ್ದೇ ಕಲೀಬಹುದು, ಕುತೂಹಲನ ಯಾರೂ ಕಲಿಸೋಕಾಗಲ್ಲ. ಸಿಎಸ್‌ಐಆರ್ ನೆಟ್ ಪ್ರಶ್ನೆಪತ್ರಿಕೆ ಇಂಗ್ಲಿಷಿನ ಜೊತೆ ಹಿಂದಿಯಲ್ಲೂ ಇರುತ್ತೆ. ಹಿಂದಿಯಲ್ಲಿ ಕೆಡದ ವಿಜ್ಞಾನ ಕನ್ನಡದಲ್ಲಿ ಕೆಡುತ್ತಾ?

ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಗೆ 371 ಎಕರೆ ಕೊಟ್ಟಿದ್ದು ಮೈಸೂರು ಸಂಸ್ಥಾನ. ಆ ಸಂಸ್ಥಾನಕ್ಕೆ ಕಂದಾಯ ಕಟ್ಟಿದವರಲ್ಲಿ ಶ್ರೀರಂಗಪಟ್ಟಣ, ಪಾಂಡವಪುರದ ರೈತರೂ ಇದ್ದರು. ಅವರ ಮರಿಮಕ್ಕಳಿಗಾಗಿ ನಾನು ಕೇಳ್ತಿರೋದು ರಿಯಾಯಿತಿ ಅಲ್ಲ, ಹತ್ತು ನಿಮಿಷ. ಸಮಿತಿಯಲ್ಲಿ ಕನ್ನಡ ಬಲ್ಲ ಒಬ್ಬರಿರಲಿ. ಕೈಗೆ ಸೀಮೆಸುಣ್ಣ ಕೊಡಿ, ಬೋರ್ಡ್ ತೋರಿಸಿ, ಬರೋ ಭಾಷೆಯಲ್ಲಿ ಲೆಕ್ಕ ಬಿಡಿಸೋಕೆ ಹೇಳಿ. ತಪ್ಪಾದರೆ ಧಾರಾಳವಾಗಿ ಫೇಲ್ ಮಾಡಿ. ಆದರೆ ವಿಜ್ಞಾನದಲ್ಲಿ ಫೇಲ್ ಮಾಡಿ.