ಬಳ್ಳಾರಿ ಸೀಮೆಯ ಬಿಸಿಲಿಗೆ ಬಂದ ಆಂಥೂರಿಯಂ

ಮಡಿಕೇರಿ, ಸಕಲೇಶಪುರದ ಕಡೆ ಹೋದವರು ಕಾಫಿಪುಡಿಯ ಜೊತೆ ಒಂದು ಆಂಥೂರಿಯಂ ಕುಂಡವನ್ನೂ ಹೊಸಪೇಟೆಗೆ ತರುತ್ತಾರೆ. ಏಪ್ರಿಲ್ ಹೊತ್ತಿಗೆ ಅದರ ಎಲೆಯಂಚು ಸುಟ್ಟು ಕಂದಾಗಿರುತ್ತದೆ. ಕೊಲಂಬಿಯಾ, ಈಕ್ವೆಡಾರ್‌ಗಳ ಮಳೆಕಾಡಿನ ಸಂತಾನವದು, ನೆರಳನ್ನೂ ತೇವದ ಗಾಳಿಯನ್ನೂ ಬೇಡುತ್ತದೆ. ನಮ್ಮದೋ 40 ಡಿಗ್ರಿಯ ಬೇಸಿಗೆ, ಹಗಲು ಹೀರಿದ ಕಾವನ್ನು ಹಂಪಿಯ ಬಂಡೆಗಳು ಇರುಳಲ್ಲಿ ಬಿಡುವ ಸೀಮೆ. ಹಾಗಂತ ಸಾಕಲಾಗದ ಗಿಡವೇನಲ್ಲ. ಕಂಪ್ಲಿ ಗದ್ದೆಯ ಎರೆಮಣ್ಣು ಭತ್ತಕ್ಕೆ ಒಳ್ಳೆಯದು, ಇದರ ಬೇರಿಗೆ ಉಸಿರು ಕಟ್ಟಿಸುತ್ತದೆ. ತೆಂಗಿನ ಸಿಪ್ಪೆಯ ತುಂಡು, ಇದ್ದಿಲು, ಇಟ್ಟಿಗೆ ಚೂರು, ಒಂದಿಷ್ಟು ಎಲೆಗೊಬ್ಬರ ಸಾಕು. ನೇರ ಬಿಸಿಲು ಬೀಳದ, ಆದರೆ ಚೆನ್ನಾಗಿ ಬೆಳಕಿರುವ ಕಿಟಕಿಯ ಬಳಿ ಇಡಿ. ಏಸಿಯ ಒಣಗಾಳಿಗಿಂತ ನೀರಿನ ಕೂಲರ್ ಇರುವ ಕೋಣೆಯೇ ಅದಕ್ಕೆ ಹಿತ. ಮೇಲ್ಪದರ ಒಣಗಿದ ಮೇಲಷ್ಟೇ ನೀರು. ಬೋರ್‌ವೆಲ್ ನೀರು ಉಪ್ಪಾಗಿದ್ದರೆ ಹಿಡಿದಿಟ್ಟ ಮಳೆನೀರು ಲೇಸು. ಸಂಡೂರಿನವರಿಗೆ ಇನ್ನೊಂದು ಕೆಲಸ: ಅದಿರಿನ ಕೆಂಧೂಳು ಎಲೆಗೆ ಮೆತ್ತಿದರೆ ಬೆಳಕು ತಾಗದು, ವಾರಕ್ಕೊಮ್ಮೆ ಒದ್ದೆ ಬಟ್ಟೆಯಿಂದ ಒರೆಸಬೇಕು. ಅಂದಹಾಗೆ, ನಾವು ಮೆಚ್ಚುವ ಆ ಕೆಂಪು ಹೃದಯ ಹೂವಲ್ಲ, ರೂಪ ಬದಲಿಸಿದ ಎಲೆ; ನಿಜವಾದ ಹೂಗಳು ನಡುವಿನ ಕಡ್ಡಿಯ ಮೇಲೆ ಸಾಸಿವೆಯಂತೆ ಒತ್ತೊತ್ತಾಗಿ ಕೂತಿರುತ್ತವೆ. ವಾರಗಟ್ಟಲೆ ಬಾಡದ ಗುಟ್ಟು ಇದೇ. ಎಲೆಯಲ್ಲಿ ಕ್ಯಾಲ್ಸಿಯಂ ಆಕ್ಸಲೇಟಿನ ಸೂಜಿಹರಳುಗಳಿವೆ, ಕಚ್ಚಿದರೆ ಬಾಯಿ ಉರಿಯುತ್ತದೆ. ಮಕ್ಕಳ, ಬೆಕ್ಕಿನ ಕೈಗೆಟುಕದಂತಿರಲಿ. ಇಷ್ಟೆಲ್ಲ ಉಸಾಬರಿ ಯಾರಿಗೆ ಬೇಕು ಎನ್ನುವವರು ಹಿತ್ತಲಲ್ಲಿ ಕನಕಾಂಬರ ಹಾಕಿಕೊಳ್ಳಲಿ, ಮುಡಿಯುವುದಕ್ಕಾದರೂ ಬರುತ್ತದೆ.